ಐದು ಕಡ್ಡಿ ಸಿಗ್ನಲ್

ಧಾರೇಶ್ವರದ ದಂಡೆಯಲ್ಲಿ ಸಾಲಾಗಿ ನಿಂತ ಗಾಳಿಮರಗಳ ಪೈಕಿ ಒಂದಕ್ಕೆ ಮಾತ್ರ ಆ ವರ್ಷ ವಿಚಿತ್ರವಾದ ಕಾಯಿ ಬಿಟ್ಟಿತ್ತು. ಹತ್ತಿರ ಹೋಗಿ ನೋಡಿದರೆ ಪ್ಲಾಸ್ಟಿಕ್ ಕೊಟ್ಟೆಯಲ್ಲಿ ಕಟ್ಟಿ ತೂಗಹಾಕಿದ ಮೊಬೈಲ್ ಫೋನುಗಳು. ಮರಳದಿಬ್ಬದ ಹಿಂದಿನ ತಗ್ಗಿನಲ್ಲಿದ್ದ ಮನೆಗಳಿಗೆ ಸಿಗ್ನಲ್ ಇಳಿಯುತ್ತಿರಲಿಲ್ಲ. ದಿಬ್ಬದ ಮೇಲಿನ ಆ ಮರದ ಹತ್ತಿರ ಮಾತ್ರ ಎರಡೋ ಮೂರೋ ಕಡ್ಡಿ ಸಿಗುತ್ತಿತ್ತು. ದೋಣಿ ಕಡಲಿಗಿಳಿದ ಮೇಲೆ ಕೇರಿಯ ಹೆಂಗಸರು ಫೋನು ತಂದು ಕೊಂಬೆಗೆ ಕಟ್ಟಿ, ಅದರ ಕೆಳಗೇ ಹರಿದ ಬಲೆ ಸರಿಮಾಡುತ್ತ, ಒಣಮೀನಿಗೆ ಬರುವ ಕಾಗೆ ಓಡಿಸುತ್ತ ಕೂರುತ್ತಿದ್ದರು.

ಬಂದ ಫೋನನ್ನು ಯಾರೂ ಎತ್ತುತ್ತಿರಲಿಲ್ಲ. ದೋಣಿಯಿಂದ ಒಂದು ರಿಂಗ್ ಬಂದು ನಿಂತರೆ ಬರಿಗೈಯಲ್ಲಿ ಬರುತ್ತಿದ್ದಾರೆ ಎಂದರ್ಥ. ಎರಡು ಬಂದರೆ ಮೀನಿದೆ, ಬುಟ್ಟಿ ತರಬೇಕು. ಮೂರು ಬಂದರೆ ಐಸಿನವನಿಗೂ ಟೆಂಪೋದವನಿಗೂ ಹೇಳಿ ಕಳಿಸಬೇಕು.

"ರಿಂಗೇ ಬರದಿದ್ರೆ?" ಎಂದು, ಊರಿನ ಬಾವಿ ನೀರು ಪರೀಕ್ಷಿಸಲು ಬಂದ ನಿತ್ಯಾನಂದ ಮೊದಲ ಸಲ ಅಲ್ಲಿ ನಿಂತಾಗ ಕೇಳಿದ್ದ.

"ಬರದಿದ್ರೆ ಎಂತದು? ಬಲೆ ಇನ್ನೂ ನೀರಲ್ಲದೆ ಅಂತ," ಎಂದಿದ್ದಳು ಬಲೆ ಸರಿಮಾಡುತ್ತಿದ್ದ ಕಮಲಿ. "ಇಷ್ಟ್ ಓದ್ದವ್ರಿಗೆ ಅಷ್ಟೂ ತಿಳೂದಿಲ್ವ, ನೀರ್ ಸಾರೇ?"

ಹೆಂಗಸರೆಲ್ಲ ನಕ್ಕಿದ್ದರು. ಅವನೂ ನಕ್ಕಿದ್ದ. ಒಂದು ಪೈಸೆ ಖರ್ಚಿಲ್ಲದೆ ನಾಲ್ಕು ಸುದ್ದಿ ಕಳಿಸುವ ಈ ಏರ್ಪಾಟು ಅವನಿಗೆ ಬಹಳ ಹಿಡಿಸಿತ್ತು. ಅದರಲ್ಲಿದ್ದ ಬಿರುಕು ಅವನಿಗೆ ಅಂದೇ ಕಾಣಬೇಕಿತ್ತು. ಯಾಕೆಂದರೆ ಅವನ ಕಸುಬೇ ಅದಾಗಿತ್ತು. ಬಾವಿಯ ನೀರಿನಲ್ಲಿ ಒಂದು ಅಂಶ ಸಿಗದೇ ಹೋದರೆ ವರದಿಯಲ್ಲಿ 'ಇಲ್ಲ' ಎಂದು ಅವನು ಬರೆಯುತ್ತಿರಲಿಲ್ಲ. 'ಕಂಡುಬಂದಿಲ್ಲ' ಎಂದು ಬರೆಯುತ್ತಿದ್ದ. ಅದು ನೀರಿನಲ್ಲಿ ಇದ್ದೂ ತನ್ನ ಸಾಧನಕ್ಕೆ ಸಿಗದೇ ಹೋಗಿರಬಹುದು. ಎರಡು ಮಾತಿಗೂ ಇರುವ ಅಂತರವನ್ನು ಕಾಲೇಜಿನಲ್ಲಿ ಗುರುಗಳು ತಲೆಗೆ ಹೊಡೆದಂತೆ ಹೇಳಿಕೊಟ್ಟಿದ್ದರು.

ರಸಾಯನಶಾಸ್ತ್ರದಲ್ಲಿ ಎಂ.ಎಸ್ಸಿ. ಮಾಡಿದ್ದ ನಿತ್ಯಾನಂದ ಈಗ ಒಂದು ಸೇವಾ ಸಂಸ್ಥೆಯ ಸಂಚಾರಿ ನೀರು ಪರೀಕ್ಷಾ ವಾಹನದಲ್ಲಿ ಕೆಲಸಕ್ಕಿದ್ದ. ಕೆಲಸಕ್ಕಿದ್ದ ಅನ್ನುವುದಕ್ಕಿಂತ ಅದರೊಳಗೇ ವಾಸಕ್ಕಿದ್ದ ಅನ್ನಬೇಕು. ಹಳೆಯ ಮಿನಿಬಸ್ಸೊಂದರ ಸೀಟು ಕಿತ್ತು, ಒಂದು ಬದಿಗೆ ಗಾಜಿನ ನಳಿಗೆಗಳ ಕಪಾಟು, ಇನ್ನೊಂದು ಬದಿಗೆ ಎರಡು ಮಲಗುವ ಹಲಗೆ, ಹಿಂದೆ ಸೀಮೆಎಣ್ಣೆ ಸ್ಟವ್ ಇಟ್ಟಿದ್ದರು. ಸೋಮವಾರ ಮತ್ತು ಮಂಗಳವಾರ ಭಟ್ಕಳದ ಹತ್ತಿರ ಹೆಬಳೆ, ಬುಧವಾರ ಮತ್ತು ಗುರುವಾರ ಹೊನ್ನಾವರದಾಚೆ ಅಪ್ಸರಕೊಂಡ, ಶುಕ್ರವಾರ ಮತ್ತು ಶನಿವಾರ ಧಾರೇಶ್ವರ. ಕಡಲಿನ ಉಪ್ಪು ಊರ ಬಾವಿಗಳಿಗೆ ಎಷ್ಟು ದೂರದವರೆಗೆ ನುಗ್ಗಿದೆ ಎಂದು ಅಳೆದು ಬರೆದುಕೊಳ್ಳುವುದು ಕೆಲಸ. ಭಾನುವಾರ ಮಾತ್ರ ಅಂಕೋಲೆಯಲ್ಲಿ ಹೆಂಡತಿ ರೇಖಾಳ ತವರಿಗೆ ಹೋಗುತ್ತಿದ್ದ.

ರೇಖಾಗೆ ಆಗ ಐದು ತಿಂಗಳು. ಹಿಂದಿನ ವರ್ಷದ ಬಸಿರು ಆರನೇ ತಿಂಗಳಲ್ಲಿ ಹೋಗಿತ್ತು. ಆ ದಿನ ನಿತ್ಯಾನಂದ ಇದೇ ವ್ಯಾನಿನೊಳಗೆ ಕುಳಿತು ಯಾವುದೋ ಬಾವಿಯ ನೀರು ಅಳೆಯುತ್ತಿದ್ದ. ಅವಳ ತಮ್ಮ ಹನ್ನೊಂದು ಸಲ ಫೋನ್ ಮಾಡಿದ್ದನಂತೆ. ತಗಡಿನ ಗೂಡಿನೊಳಗೆ ರೇಡಿಯೊ ಅಲೆ ನುಗ್ಗುವುದಿಲ್ಲ ಎಂಬುದು ಅವನಿಗೆ ಪುಸ್ತಕದಿಂದ ಗೊತ್ತಿತ್ತು. ಅದರ ಬೆಲೆ ಏನು ಎಂಬುದು ಆ ದಿನ ಗೊತ್ತಾಯಿತು. ಹಾಗಾಗಿ ಈ ಸಲ ಆತ ಭಟ್ಕಳದ ಪೇಟೆಯ ದುಬೈ ಸಾಮಾನಿನ ಅಂಗಡಿಯೊಂದರಲ್ಲಿ ಸಿಗ್ನಲ್ ಬೂಸ್ಟರ್ ಕೊಂಡ. ಇಟ್ಟಿಗೆಯಷ್ಟು ದೊಡ್ಡ ಪೆಟ್ಟಿಗೆ. ಒಂದು ತಂತಿ ಹೊರಗಿನ ಆಂಟೆನಾಕ್ಕೆ, ಇನ್ನೊಂದು ಒಳಗಿನ ಪುಟ್ಟ ಆಂಟೆನಾಕ್ಕೆ. ವ್ಯಾನಿನ ಬ್ಯಾಟರಿಯಿಂದಲೇ ನಡೆಯುತ್ತಿತ್ತು.

"ಇದನ್ನು ಹಾಕಿದ್ರೆ ಬಾವಿಯೊಳಗೆ ಕೂತೂ ಮಾತಾಡ್ಬಹುದು ಸಾಹೇಬ್ರೆ," ಎಂದಿದ್ದ ಅಂಗಡಿಯವನು.

ಜೊತೆಗೆ ಬಂದ ಪುಸ್ತಿಕೆಯನ್ನು ನಿತ್ಯಾನಂದ ಎರಡು ಸಲ ಓದಿದ. ಎರಡು ಆಂಟೆನಾಗಳ ನಡುವೆ ಕನಿಷ್ಠ ಏಳು ಮೀಟರ್ ಅಂತರವಿರಲಿ ಎಂದಿತ್ತು. ಬಿದಿರಿನ ಗಳಕ್ಕೆ ಹೊರಗಿನ ಆಂಟೆನಾ ಕಟ್ಟಿ, ವ್ಯಾನಿನಿಂದ ಹತ್ತು ಹೆಜ್ಜೆ ಅಳೆದು ನಿಲ್ಲಿಸಿದ. ಒಳಗೆ ಬಂದು ನೋಡಿದರೆ ಫೋನಿನಲ್ಲಿ ಐದಕ್ಕೆ ಐದು ಕಡ್ಡಿ! ರೇಖಾಗೆ ಫೋನ್ ಮಾಡಿದ. "ಪಕ್ಕದ ಕೋಣೆಯಿಂದ ಮಾತಾಡಿದ ಹಾಗಿದೆ," ಎಂದಳು ಅವಳು. ಆ ಒಂದು ಮಾತಿಗೆ ಅವನ ಎದೆಯ ಮೇಲಿನ ಕಲ್ಲು ಇಳಿಯಿತು.

ಮೂರು ವಾರ ಹೀಗೇ ನಡೆಯಿತು. ಊರೂರಿಗೆ ಹೋದಲ್ಲೆಲ್ಲ ಗುಂಡಿ ತೋಡಿ ಗಳ ನೆಡುವ ಕೆಲಸ ಡ್ರೈವರ್ ದಾಸನ ಪಾಲಿಗೆ ಬಂತು.

"ನಾ ವ್ಯಾನ್ ಹೊಡೂಕೆ ಬಂದವ, ಸಾರ್. ಕಂಬ ಹುಗಿಯೂಕೆ ಬೇರೆ ಜನ ಇಡಿ," ಎಂದು ಅವನು ದಿನಾ ಗೊಣಗುತ್ತಿದ್ದ.

ನಿತ್ಯಾನಂದ ಕುಳಿತು ಯೋಚಿಸಿದ. ಏಳು ಮೀಟರ್ ಅಂತರ ಬೇಕಾಗಿರುವುದು ಎರಡು ಆಂಟೆನಾ ಒಂದನ್ನೊಂದು ಕೇಳಿಸಿಕೊಳ್ಳದಿರಲಿ ಎಂದು ತಾನೆ? ನಡುವೆ ತಗಡಿನ ಛಾವಣಿ ಇದ್ದರೆ ಅಂತರದ ಹಂಗೇಕೆ? ಕಾಗದದ ಮೇಲೆ ಲೆಕ್ಕ ಹಾಕಿದ, ಸರಿಹೋಯಿತು. ಅಕ್ಟೋಬರ್ ಮೊದಲ ವಾರ ಆಂಟೆನಾವನ್ನು ಛಾವಣಿಗೇ ಬೋಲ್ಟ್ ಹಾಕಿ ಕೂರಿಸಿದ. ಐದು ಕಡ್ಡಿ ಹಾಗೇ ಇತ್ತು. ದಾಸ ಖುಷಿಯಾಗಿ ಆ ರಾತ್ರಿ ತಾನೇ ಅಡುಗೆ ಮಾಡಿದ.

ಲೆಕ್ಕದಲ್ಲಿ ಒಂದೇ ಒಂದು ಸಂಗತಿ ಬಿಟ್ಟುಹೋಗಿತ್ತು. ಸೆಕೆ ತಡೆಯದೆ ಅವರಿಬ್ಬರೂ ಸದಾ ತೆರೆದೇ ಇಡುತ್ತಿದ್ದ, ಛಾವಣಿಯ ನಡುವಿನ ಗಾಳಿಕಿಂಡಿ.

ಆಮೇಲೆ ಆರು ವಾರ ಕಳೆಯಿತು. ಮರದ ಕೆಳಗೆ ಸಣ್ಣ ಗೊಣಗಾಟ ಶುರುವಾಗಿತ್ತು. ರಿಂಗ್ ಬಾರದೆಯೇ ದೋಣಿಗಳು ಮೀನು ತುಂಬಿಕೊಂಡು ಬಂದು ನಿಲ್ಲುತ್ತಿದ್ದವು. ಐಸೂ ಇಲ್ಲ, ಟೆಂಪೋವೂ ಇಲ್ಲ. "ಕೊಟ್ಟಿದ್ದೆ," ಎಂದು ಗಂಡಸರು, "ಬರ್ಲೇ ಇಲ್ಲ," ಎಂದು ಹೆಂಗಸರು. ಒಂದು ಶುಕ್ರವಾರ ಕಮಲಿ ತನ್ನ ಫೋನನ್ನೇ ತಂದು ನಿತ್ಯಾನಂದನ ಮುಂದೆ ಹಿಡಿದಳು.

"ಇದ್ರ ಹೊಟ್ಟೇಲಿ ಎಂತಾಗದೆ ನೋಡಿ ಸಾರೇ. ಸೋಮವಾರ ಮಂಗಳವಾರ ಸರಿಯಾಗೇ ಕೂಗ್ತದೆ. ವಾರದ ಕಡೀಗೆ ಬಾಯಿ ಕಟ್ಕಂತದೆ."

ಅವನು ಬ್ಯಾಟರಿ ತೆಗೆದು ಒರೆಸಿ ಹಾಕಿಕೊಟ್ಟ. "ಫೋನು ಸರಿಯಿದೆ ಕಮಲಕ್ಕ. ವಾರದ ಕೊನೆಗೆ ದೇವಸ್ಥಾನಕ್ಕೆ ಬರುವ ಜನ ಜಾಸ್ತಿ, ಟವರಿಗೆ ಭಾರ ಜಾಸ್ತಿ ಆಗ್ತದೆ," ಎಂದ. ಕೇಳಿದವರು ತಲೆಯಾಡಿಸುವಂಥ ವಿವರಣೆ. ಹೇಳಿದವನಿಗೂ ಸಮಾಧಾನವಾಯಿತು.

ನವೆಂಬರ್ ಹದಿನೆಂಟು, ಶನಿವಾರ. ಕಮಲಿಯ ಗಂಡ ನಾಗ ಬೆಳಗಿನ ಜಾವ ಒಬ್ಬನೇ ಪಾತಿದೋಣಿಗೆ ಇಂಜಿನ್ ಹಚ್ಚಿಕೊಂಡು ಹೋಗಿದ್ದ. ಜೊತೆಯವನು ಜ್ವರ ಬಂದು ಮಲಗಿದ್ದ. ಉಳಿದ ದೋಣಿಗಳೆಲ್ಲ ಮಧ್ಯಾಹ್ನ ಒಂದು ಗಂಟೆಯೊಳಗೆ ದಂಡೆ ಸೇರಿದವು. ಎರಡಾಯಿತು, ಮೂರಾಯಿತು. ಕೊಂಬೆಯಲ್ಲಿ ಕಮಲಿಯ ಫೋನು ಒಂಟಿಯಾಗಿ ತೂಗುತ್ತಿತ್ತು.

"ಬಲೆ ನೀರಲ್ಲದೆ," ಎಂದಳು ಕಮಲಿ, ಯಾರೂ ಕೇಳದಿದ್ದರೂ.

ನಾಲ್ಕೂವರೆಗೆ ಅವಳು ಬುಟ್ಟಿ ಬಿಟ್ಟು ಎದ್ದು ನಿಂತಳು. ಐದು ಗಂಟೆಗೆ ಪಕ್ಕದ ಮನೆಯ ತಿಮ್ಮಪ್ಪನನ್ನು ಕರೆದಳು. ಅರವತ್ತು ದಾಟಿದ ಅವನು ನಲವತ್ತು ವರ್ಷ ಅದೇ ನೀರಿನಲ್ಲಿ ಬಲೆ ಬಿಟ್ಟವನು. ಹಣೆಗೆ ಕೈ ಅಡ್ಡ ಹಿಡಿದು ಪಡುವಣದತ್ತ ಬಹಳ ಹೊತ್ತು ನೋಡಿದ.

"ಹೋಗೂಕೆ ನಾ ತಯಾರು, ಮಗಾ. ಯಾವ ಕಡೆ ಅಂತ ಹೋಗೂದು? ತೆಂಕಕ್ಕೊ, ಬಡಗಕ್ಕೊ? ಕತ್ತಲಾದ್ರೆ ಗಾಳಿ ದಂಡೆಯಿಂದ ಹೊರಗೆ ತಿರುಗ್ತದೆ. ಇಂಜಿನ್ ಗಿಂಜಿನ್ ನಿಂತಿದ್ರೆ ಬೆಳಗಾಗೂದ್ರೊಳಗೆ ಅಂವ ಎಲ್ಲಿರ್ತ ಅಂತ ಯಾರಿಗ್ ಗೊತ್ತು? ಒಂದ್ ಸುದ್ದಿ ಸಿಕ್ಕಿದ್ರೆ ಸಾಕಿತ್ತು."

ಒಂದು ಸುದ್ದಿ. ಅಷ್ಟು ಮಾತ್ರ ಬೇಕಾಗಿತ್ತು. ನಿತ್ಯಾನಂದ ಮುಂದೆ ಬಂದ.

"ಕಮಲಕ್ಕ, ಬನ್ನಿ. ನನ್ನ ವ್ಯಾನಿನಲ್ಲಿ ಐದು ಕಡ್ಡಿ ಇದೆ. ಅಲ್ಲಿಂದ ಮಾಡುವ."

ಅವಳು ಮೊದಲ ಸಲ ಆ ವ್ಯಾನಿನ ಮೆಟ್ಟಿಲು ಹತ್ತಿದಳು. ಗಾಜಿನ ನಳಿಗೆಗಳ ನಡುವೆ ಸೆರಗು ಬಿಗಿಹಿಡಿದು ನಿಂತಳು. ನಿತ್ಯಾನಂದ ನಾಗನ ನಂಬರ್ ಒತ್ತಿ, ಫೋನನ್ನು ಅವಳ ಕಿವಿಗಿಟ್ಟ. ವ್ಯಾಪ್ತಿ ಪ್ರದೇಶದ ಹೊರಗಿದ್ದಾರೆ ಎಂದು ಹೆಣ್ಣುದನಿಯೊಂದು ನಯವಾಗಿ ಹೇಳಿತು. ಮತ್ತೆ ಒತ್ತಿದ. ಅದೇ ದನಿ.

"ಇವ್ಳು ಯಾರ್ರಾ? ಅಂವ ಎಲ್ಲಿದ್ದ ಅಂತ ಇವ್ಳಿಗೆ ಹ್ಯಾಂಗ್ ಗೊತ್ತು?" ಎಂದಳು ಕಮಲಿ. ದನಿ ಒಡೆಯಿತು. "ಮತ್ತೊಂದ್ ಸಲ ಒತ್ತಿ, ಸಾರೇ. ಒತ್ತಿ."

ಹದಿನೇಳು ಸಲ ಒತ್ತಿದ. ಫೋನಿನ ಮೂಲೆಯಲ್ಲಿ ಐದು ಕಡ್ಡಿಗಳು ಹಲ್ಲು ಕಿರಿದಂತೆ ನಿಂತೇ ಇದ್ದವು. ಇಷ್ಟು ಚೆನ್ನಾಗಿರುವ ಸಿಗ್ನಲಿಗೇ ನಾಗ ಸಿಗದಿದ್ದರೆ ಆತ ಬಹಳ ದೂರ ಹೋಗಿದ್ದಾನೆ ಎಂದು ನಿತ್ಯಾನಂದನ ಮನಸ್ಸು ಹೇಳಿತು. ಅದನ್ನು ಅವನು ಬಾಯಿಬಿಟ್ಟು ಹೇಳಲಿಲ್ಲ. ಕಮಲಿ ಅವನ ಮುಖ ನೋಡಿಯೇ ತಿಳಿದುಕೊಂಡವಳಂತೆ ಇಳಿದು ಮರದ ಹತ್ತಿರ ಹೋದಳು.

ಆರು ಗಂಟೆ ದಾಟಿತು. ಸೂರ್ಯ ಮುಳುಗಿದ. ಅಲ್ಲಿಯವರೆಗೆ ಕಡಲಿನಿಂದ ಬೀಸುತ್ತಿದ್ದ ಗಾಳಿ ನಿಂತು, ನೆಲದ ಕಡೆಯ ಗಾಳಿ ಬೆನ್ನಿಗೆ ತಣ್ಣಗೆ ತಾಗತೊಡಗಿತು. ತಿಮ್ಮಪ್ಪ ತನ್ನ ದೋಣಿಗೆ ಎಣ್ಣೆ ಸುರಿಯುತ್ತಿದ್ದ. ಯಾವ ಕಡೆಗಾದರೂ ಸರಿ, ಹೊರಡುವುದೆಂದು ತೀರ್ಮಾನಿಸಿದ್ದ.

"ಸಾರ್, ವ್ಯಾನ್ ತಿರುಗಿಸಿ ಹೆಡ್‌ಲೈಟ್ ಹಾಕ್ತೆ," ಎಂದ ದಾಸ. "ಒಂದ್ ವೇಳೆ ಹತ್ರ ಇದ್ರೆ ದಂಡೆ ಕಾಣ್ಲಿ. ಬ್ಯಾಟ್ರಿ ಇಳ್ದೋಗದೆ, ನಿಮ್ ಪೆಟ್ಗೆ ಕೀಳ್ತೆ, ಆತಾ?"

"ಆತು," ಎಂದ ನಿತ್ಯಾನಂದ, ಕಡಲಿನ ಮೇಲಿಟ್ಟ ಕಣ್ಣು ತೆಗೆಯದೆ.

ದಾಸ ಬೂಸ್ಟರಿನ ವೈರು ಕಿತ್ತ. ವ್ಯಾನು ತಿರುಗಿತು. ಎರಡು ಬೆಳಕಿನ ಪಟ್ಟಿ ತೆರೆಯ ಮೇಲೆ ಬಿತ್ತು. ಎರಡು ನಿಮಿಷವೂ ಆಗಿರಲಿಕ್ಕಿಲ್ಲ, ಗಾಳಿಮರದ ಕೊಂಬೆಯಲ್ಲಿ ನೀಲಿ ಬೆಳಕು ಮಿಣುಕಿ, ಪ್ಲಾಸ್ಟಿಕ್ ಕೊಟ್ಟೆಯೊಳಗಿಂದ ಫೋನು ಕೂಗಿತು.

ದಂಡೆಯ ಮೇಲೆ ನಿಂತ ಜನರೆಲ್ಲ ಕಲ್ಲಾದರು. ಕಮಲಿ ಫೋನಿನ ಕೆಳಗೆ ಕತ್ತೆತ್ತಿ ನಿಂತು, ಬೆರಳು ಮಡಚಿದಳು. ಒಂದು. ಎರಡು. ಮೂರು. ಫೋನು ನಿಲ್ಲಲಿಲ್ಲ. ನಾಲ್ಕು. ನಾಲ್ಕಕ್ಕೆ ಅವರ ಏರ್ಪಾಟಿನಲ್ಲಿ ಅರ್ಥವಿರಲಿಲ್ಲ. ಅವಳ ನಾಲ್ಕನೆಯ ಬೆರಳು ಗಾಳಿಯಲ್ಲೇ ನಿಂತಿತು.

"ಎತ್ತಿ, ಕಮಲಕ್ಕ! ಎತ್ತಿ!" ಎಂದು ನಿತ್ಯಾನಂದ ಕೂಗಿದ.

ಅವಳು ಕೊಟ್ಟೆ ಹರಿದು ಫೋನ್ ಎತ್ತಿದಳು. "ಎಲ್ಲಿದ್ರಿ? ಎಲ್ಲಿದ್ರಿ ನೀವು?" ಆಚೆಯ ದನಿ ಸಣ್ಣದಾಗಿತ್ತು, ಮುರಿಯುತ್ತಿತ್ತು. ಅವಳು ಕೇಳಿದ್ದನ್ನು ಕೇಳಿದಂತೆಯೇ ತಿಮ್ಮಪ್ಪನಿಗೆ ಕೂಗಿ ಹೇಳತೊಡಗಿದಳು: "ಇಂಜಿನ್ ಸುಟ್ಟೋಗದೆ ಅಂಬ್ರು... ಹನ್ನೆರಡು ಮಾರಿನ ನೀರಂತೆ... ಲಂಗರು ನೆಲಕ್ಕೆ ತಾಗೂದಿಲ್ಲ... ಎಂತ? ಯಾವ ಕಡೆ? ಜೋರಾಗ್ ಹೇಳಿ!"

ಈ ಕರೆಗೆ ಬಲ ಬೇಕು. ನಿತ್ಯಾನಂದನಿಗೆ ಹೊಳೆದದ್ದು ಅಷ್ಟೇ. ಓಡಿಹೋಗಿ ವ್ಯಾನು ಹತ್ತಿ, ದಾಸ ಕಿತ್ತಿಟ್ಟ ವೈರನ್ನು ಮತ್ತೆ ಸಿಕ್ಕಿಸಿದ. ಬೂಸ್ಟರಿನ ಹಸಿರು ದೀಪ ಹೊತ್ತಿಕೊಂಡಿತು. ತನ್ನ ಫೋನಿನಲ್ಲಿ ಐದು ಕಡ್ಡಿ ಎದ್ದು ನಿಂತವು. ಕಮಲಿಯನ್ನು ಇಲ್ಲಿಗೇ ಕರೆಯೋಣವೆಂದು ಬಾಗಿಲಿಗೆ ಬಂದ.

"ಅಯ್ಯೋ ದೇವ್ರೆ! ಕಟ್ಟಾತು! ಕಟ್ಟಾತು!" ಎಂದು ಅವಳ ಕೂಗು ಕೇಳಿತು.

ಹೆಡ್‌ಲೈಟಿನ ಬೆಳಕು ಮಂಕಾಯಿತು. "ಸಾರ್, ಮತ್ತೆ ಹಾಕಿದ್ರಾ ಅದ್ನ? ಬ್ಯಾಟ್ರಿ ಸಾಯ್ತದೆ ಮಾರಾಯ್ರೆ, ಲೈಟ್ ಬೇಕೊ ಬೇಡ್ವೊ!" ಎಂದು ದಾಸ ಬೈಯುತ್ತಲೇ ಒಳಗೆ ನುಗ್ಗಿ ವೈರನ್ನು ಕಿತ್ತೆಸೆದ.

ಫೋನು ಮತ್ತೆ ಕೂಗಿತು.

ನಿತ್ಯಾನಂದ ವ್ಯಾನಿನ ಮೆಟ್ಟಿಲ ಮೇಲೆ ನಿಂತಿದ್ದವನು ಅಲ್ಲೇ ಕುಳಿತ. ಕೈಯಲ್ಲಿದ್ದ ಫೋನು ಮರಳಿಗೆ ಬಿತ್ತು. ಮರದ ಕಡೆಯಿಂದ ಕಮಲಿಯ ದನಿ ಬರುತ್ತಿತ್ತು: ದೇವಸ್ಥಾನದ ದೀಪಕ್ಕೆ ನೇರ ಪಡುವಣ, ಸ್ವಲ್ಪ ಬಡಗಕ್ಕೆ, ಹೊರಗೆ ಎಳೀತದೆ, ಬೇಗ ಬನ್ನಿ. ತಿಮ್ಮಪ್ಪನ ದೋಣಿಯ ಇಂಜಿನ್ ಶುರುವಾದ ಸದ್ದು ಕೇಳಿತು. ಜನ ದೋಣಿ ನೂಕುವ ಹೋ ಎಂಬ ಸದ್ದು ಕೇಳಿತು. ಅವನ ತಲೆ ಮಾತ್ರ ಮೇಲಕ್ಕೆ, ತೆರೆದ ಗಾಳಿಕಿಂಡಿಯ ಕಡೆಗೆ ತಿರುಗಿತ್ತು. ಆ ಕಿಂಡಿಯ ಆಚೆ ಒಂದು ಗೇಣು ದೂರದಲ್ಲಿ ಆಂಟೆನಾದ ಬುಡ ಕಾಣುತ್ತಿತ್ತು.

ಸಭೆಯಲ್ಲಿ ಮೈಕನ್ನು ಸ್ಪೀಕರಿನ ಹತ್ತಿರ ತಂದರೆ ಅದು ತನ್ನ ದನಿಯನ್ನೇ ತಾನು ಕೇಳಿ ಕಿರುಚತೊಡಗುತ್ತದೆ. ಆಗ ಹಿಂದಿನ ಸಾಲಿನವನು ಏನು ಹೇಳಿದರೂ ಯಾರಿಗೂ ಕೇಳಿಸುವುದಿಲ್ಲ. ಬೂಸ್ಟರಿನ ಎರಡು ಆಂಟೆನಾಗಳು ಆ ಕಿಂಡಿಯೊಳಗಿಂದ ಒಂದನ್ನೊಂದು ಕೇಳುತ್ತ, ಆರು ವಾರ ಟವರಿನ ಕಿವಿಯಲ್ಲಿ ಕಿರುಚುತ್ತಿದ್ದವು. ಹತ್ತಿರದ ಫೋನುಗಳು ಹೇಗೋ ನುಸುಳಿಕೊಂಡಿರಬಹುದು. ದೂರದ, ಕ್ಷೀಣವಾದ ದನಿಗಳು ಮೊದಲು ಮುಳುಗಿದವು. ಅಂದರೆ ದೋಣಿಗಳು. ಟವರಿನ ದನಿ ನಾಗನ ಫೋನಿಗೆ ಕೇಳುತ್ತಲೇ ಇದ್ದಿರಬೇಕು. ನಾಗನ ದನಿ ಮಾತ್ರ ಟವರಿಗೆ ಕೇಳಲಿಲ್ಲ. ಹದಿನೇಳು ಸಲ ತಾನು ಆ ಹೆಂಗಸಿನ ಕಣ್ಣೆದುರು ನಂಬರ್ ಒತ್ತುತ್ತಿದ್ದಾಗ, ಅವಳ ಗಂಡನ ಬಾಯಿಗೆ ಅಡ್ಡ ಇಟ್ಟ ಕೈ ತನ್ನದೇ ಆಗಿತ್ತು.

ಇನ್ನೊಮ್ಮೆ ವೈರು ಸಿಕ್ಕಿಸಿ ಖಚಿತಪಡಿಸಿಕೊಳ್ಳಬೇಕೆಂದು ಅವನೊಳಗಿನ ವಿಜ್ಞಾನಿ ಹೇಳಲೇ ಇಲ್ಲ. ಪ್ರಯೋಗ ಯಾವಾಗಲೋ ಮುಗಿದಿತ್ತು. ವಾರದ ಕೊನೆಗೆ ಬಾಯಿ ಕಟ್ಟಿಕೊಳ್ಳುತ್ತದೆ ಎಂದು ಕಮಲಿ ಫಲಿತಾಂಶವನ್ನೂ ತಂದು ಕೈಗೆ ಕೊಟ್ಟಿದ್ದಳು. ಅವನು ಅದನ್ನು ಒರೆಸಿ ವಾಪಸು ಕೊಟ್ಟಿದ್ದ.

ಎಂಟು ಗಂಟೆಯ ಹೊತ್ತಿಗೆ ತಿಮ್ಮಪ್ಪನ ದೋಣಿ ನಾಗನ ದೋಣಿಯನ್ನು ಹಗ್ಗ ಕಟ್ಟಿ ಎಳೆದುಕೊಂಡು ಬಂತು. ಹುಟ್ಟು ಹಾಕಿ ಹಾಕಿ ನಾಗನ ಅಂಗೈ ಸುಲಿದಿತ್ತು. ಮರಳ ಮೇಲೆ ಕುಳಿತು ಒಂದು ತಂಬಿಗೆ ನೀರು ಒಂದೇ ಉಸಿರಿಗೆ ಕುಡಿದ.

"ಬೆಳಿಗ್ಗೆ ಹನ್ನೊಂದರಿಂದ ಒತ್ತಿದ್ದೇ ಒತ್ತಿದ್ದು," ಎಂದ. "ಕಡ್ಡಿ ಎರಡು ಕಾಣ್ತದೆ, ಫೋನ್ ಹೋಗೂದಿಲ್ಲ. ಸಿಟ್ಟು ಬಂದು ಕಡಲಿಗೆ ಎಸೂಕೆ ಹೋಗಿದ್ದೆ."

"ಎಸೆದಿದ್ರೆ ನಾನೂ ಅದ್ರ ಹಿಂದೇ ಕಡಲಿಗೆ ಹಾರ್ತಿದ್ದೆ," ಎಂದು ಕಮಲಿ ಅಳುತ್ತಲೇ ಬೈದಳು.

ನಿತ್ಯಾನಂದ ಗುಂಪಿನ ನಡುವೆ ಬಂದು ನಿಂತ. ಬೂಸ್ಟರನ್ನು ಛಾವಣಿಯ ಆಂಟೆನಾ ಸಮೇತ ಕಿತ್ತು ಕೈಯಲ್ಲಿ ಹಿಡಿದಿದ್ದ. ತುಂಡಾದ ವೈರು ಮರಳಿನಲ್ಲಿ ಎಳೆಯುತ್ತ ಬಂದಿತ್ತು.

"ಫೋನು ಹೋಗದೇ ಇದ್ದದ್ದು ಇದರಿಂದ," ಎಂದ. "ನನ್ನಿಂದ. ಆರು ವಾರದಿಂದ."

ಮೊದಲಿಗೆ ಯಾರಿಗೂ ಅರ್ಥವಾಗಲಿಲ್ಲ. ಅವನು ಮೈಕಿನ ಮಾತು ಹೇಳಿದ, ಕಿಂಡಿಯ ಮಾತು ಹೇಳಿದ, ಅಳತೆ ತಪ್ಪಿಸಿದ್ದು ತಾನೇ, ದಾಸನಲ್ಲ ಎಂದೂ ಹೇಳಿದ. ಕಮಲಿ ಕಣ್ಣು ಮಿಟುಕಿಸದೆ ಅವನನ್ನು ನೋಡಿದಳು. ಆ ನೋಟಕ್ಕಿಂತ ಅವಳು ಹೊಡೆದಿದ್ದರೆ ಚೆನ್ನಾಗಿತ್ತು.

"ನಿಮ್ಮ ಪೆಟ್ಗೆಯೊಳಗೇ ನಿಲ್ಸಿ ನಂಗೆ ಫೋನ್ ಹಿಡಿಸಿದ್ರಿ," ಎಂದಳು. "ಎಂತಕ್ಕೆ ಬೇಕಿತ್ತು ನಿಮ್ಗೆ ಅದು?"

ರೇಖಾಳ ವಿಷಯ ಹೇಳಿದ. ಹಿಂದಿನ ವರ್ಷದ ಹನ್ನೊಂದು ಕರೆಗಳ ವಿಷಯವನ್ನೂ ಹೇಳಿದ. ಅದು ನೆಪದಂತೆ ಕೇಳುತ್ತಿದೆ ಎನ್ನಿಸಿ ಅರ್ಧಕ್ಕೇ ನಿಲ್ಲಿಸಿದ. ತಿಮ್ಮಪ್ಪ ಎದ್ದುಹೋದ. ನಾಗ ತನ್ನ ಅಂಗೈಯನ್ನೇ ನೋಡುತ್ತ ಕುಳಿತಿದ್ದ. ಕಮಲಿ ಗಂಡನನ್ನು ಎಬ್ಬಿಸಿಕೊಂಡು ಮನೆಯ ಕಡೆ ನಡೆದಳು. ನಾಲ್ಕು ಹೆಜ್ಜೆ ಹೋದವಳು ತಿರುಗಿ ಬಂದು, ವ್ಯಾನಿನ ಮೆಟ್ಟಿಲ ಕೆಳಗೆ ಬಿದ್ದಿದ್ದ ಅವನ ಫೋನನ್ನು ಹೆಕ್ಕಿ, ಮರಳು ಕೊಡವಿ, ಸೊಂಟದಿಂದ ಒಂದು ಕೊಟ್ಟೆ ತೆಗೆದು ಅದರೊಳಗೆ ಹಾಕಿ ಗಾಳಿಮರದ ಕೊಂಬೆಗೆ ಕಟ್ಟಿದಳು.

"ಇಲ್ಲಿರ್ಲಿ ಇದು. ಕೂಗಿದ್ರೆ ಯಾರಾದ್ರೂ ಕರೀತ್ರು," ಎಂದಳು. ಅವನ ಮುಖ ನೋಡಲಿಲ್ಲ.

ದಾಸ ಅನ್ನಕ್ಕಿಟ್ಟ. ನಿತ್ಯಾನಂದ ವ್ಯಾನಿನ ದಿನಚರಿ ಪುಸ್ತಕ ತೆಗೆದು ದೀಪದ ಕೆಳಗಿಟ್ಟುಕೊಂಡ. ಯಾವ ದಿನ ಯಾವ ಊರಿನಲ್ಲಿ ನಿಂತಿದ್ದೆವು, ಎಷ್ಟು ಗಂಟೆಗೆ ಹೋದೆವು, ಎಷ್ಟಕ್ಕೆ ಬಿಟ್ಟೆವು, ಎಲ್ಲವೂ ಅವನದೇ ದುಂಡಗಿನ ಅಕ್ಷರದಲ್ಲಿತ್ತು. ಆಂಟೆನಾ ಛಾವಣಿಗೇರಿದಾಗಿನಿಂದ ಧಾರೇಶ್ವರ ಎಂದು ಬರೆದಲ್ಲೆಲ್ಲ ಪೆನ್ಸಿಲಿನಿಂದ ಗೆರೆ ಎಳೆಯುತ್ತ ಹೋದ. ಹನ್ನೆರಡು ದಿನ.

ಆಮೇಲೆ ಅವನ ಪೆನ್ಸಿಲು ಮೇಲಿನ ಸಾಲಿಗೆ ಹೋಗಿ ನಿಂತಿತು. ಹೆಬಳೆ, ಹನ್ನೆರಡು ದಿನ. ಅಪ್ಸರಕೊಂಡ, ಹನ್ನೆರಡು ದಿನ. ಅಲ್ಲಿ ಗಾಳಿಮರವಿರಲಿಲ್ಲ, ಬಂದು ದೂರು ಹೇಳುವ ಕಮಲಿಯೂ ಇರಲಿಲ್ಲ. ಹೆಬಳೆಯಲ್ಲಿ ವ್ಯಾನು ನಿಲ್ಲುತ್ತಿದ್ದುದು ಸೂಲಗಿತ್ತಿ ಹನುಮಕ್ಕನ ಮನೆಯ ಬಯಲಿನಲ್ಲಿ. ಹೊತ್ತಲ್ಲದ ಹೊತ್ತಿನಲ್ಲಿ ಕರೆ ಬರುತ್ತದೆಂದೇ ಮಗ ಅವಳಿಗೊಂದು ಫೋನು ಕೊಡಿಸಿದ್ದ. ಈಚೆಗೆ ನನ್ನನ್ನು ಯಾರೂ ಕರೆಯುವುದೇ ಇಲ್ಲ ಎಂದು ಅವಳು ಹೋದ ಮಂಗಳವಾರ ನಗುತ್ತ ಹೇಳಿದ್ದಳು.

ದಾಸ ತಟ್ಟೆ ಹಿಡಿದು ಬಂದವನು ಅವನ ಮುಖ ನೋಡಿ ನಿಂತುಬಿಟ್ಟ. "ಎಂತಾತು, ಸಾರ್?"

ಹೆಬಳೆಯ ಸಾಲಿನ ಮುಂದೆ ಮುಟ್ಟದೇ ಹೋದ ಕರೆಗಳ ಸಂಖ್ಯೆ ಬರೆಯಲು ನಿತ್ಯಾನಂದ ಪೆನ್ಸಿಲು ಇಟ್ಟ. ಸಂಖ್ಯೆಯ ಬದಲು ಅಲ್ಲಿ 'ಕಂಡುಬಂದಿಲ್ಲ' ಎಂದು ಬರೆದ.

"ದಾಸ, ನಾಳೆ ಅಂಕೋಲೆಗೆ ಬೇಡ," ಎಂದ. "ಬೆಳಿಗ್ಗೆ ಎದ್ದ ಕೂಡಲೇ ಹೆಬಳೆಗೆ ಹೋಗಬೇಕು."